ಎಬಿಬಿಆರ್ ಟ್ಯಾಗ್ ಮತ್ತು ಕನ್ನಡದ ಪ್ರತ್ಯಯ: ‘ಕೆಆರ್‌ಎಸ್‌ನಲ್ಲಿ’ ಅನ್ನೋದನ್ನ ಎಲ್ಲಿಗೆ ಮುಚ್ಚಬೇಕು?

ಎಡದಂಡೆ_ನಾಲೆ ಕೇಳಿದ್ದು:

ಮಂಡ್ಯ ಕಡೆಯ ಒಂದು ರೈತರ ಸಹಕಾರ ಸಂಘದ ವೆಬ್‌ಸೈಟ್. ದಿನಾ ಕೆಆರ್‌ಎಸ್ ನೀರಿನ ಮಟ್ಟ, ಎಪಿಎಂಸಿ ದರ, ಕಬ್ಬಿನ ಎಫ್‌ಆರ್‌ಪಿ ಬಗ್ಗೆ ಸುತ್ತೋಲೆ, ಆಗೊಮ್ಮೆ ಈಗೊಮ್ಮೆ ಆರ್‌ಟಿಸಿ (ಪಹಣಿ), ಮುಡಾ (ನಗರಾಭಿವೃದ್ಧಿ ಪ್ರಾಧಿಕಾರ) ಸುದ್ದಿ ಏರುತ್ತೆ. ಪುಟದ ತುಂಬ ಬರೀ ಸಂಕ್ಷಿಪ್ತ ರೂಪಗಳೇ. ಪುಟ ತಯಾರಾಗುವಾಗ ಒಂದು ಪೈಥಾನ್ ಸ್ಕ್ರಿಪ್ಟ್ ಪಟ್ಟಿ ನೋಡಿಕೊಂಡು ಪ್ರತಿ ಸಂಕ್ಷಿಪ್ತ ರೂಪಕ್ಕೂ ಎಬಿಬಿಆರ್ ಟ್ಯಾಗ್ (‘ಇದು ಸಂಕ್ಷಿಪ್ತ ರೂಪ’ ಅಂತ ಹೇಳುವ ಎಚ್‌ಟಿಎಂಎಲ್ ಗುರುತು) ಸುತ್ತಿ, ಟೈಟಲ್ ಆಟ್ರಿಬ್ಯೂಟ್‌ನಲ್ಲಿ ಪೂರ್ಣ ರೂಪ ಇಡುತ್ತೆ. ತೊಂದರೆ ಏನಪ್ಪಾ ಅಂದ್ರೆ:

‘ಮುಡಾದ ಸಭೆ’ ಅಂತಿದ್ದರೆ ಟ್ಯಾಗ್ ಬೀಳುತ್ತೆ, ‘ಮುಡಾ ಸಭೆ’ ಅಂತಿದ್ದರೆ ಬೀಳಲ್ಲ. ‘ಕೆಎಸ್‌ಆರ್‌ಟಿಸಿಯ ಬಸ್’ ಅನ್ನೋ ಕಡೆ ಬಾಲದ ‘ಆರ್‌ಟಿಸಿ’ಗೆ ಮಾತ್ರ ಟ್ಯಾಗ್ ಬಿದ್ದು, ಮೌಸ್ ಇಟ್ಟರೆ ‘ಪಹಣಿ’ ಅಂತ ತೋರಿಸುತ್ತೆ. ಚುಕ್ಕಿಗೆರೆ ಒತ್ತಕ್ಷರದ ಮೇಲೇ ಹಾದುಹೋಗುತ್ತೆ. ಫೋನಿನಲ್ಲಿ ಪೂರ್ಣ ರೂಪ ಕಾಣೋದೇ ಇಲ್ಲ, ಓದೋರು ಮುಕ್ಕಾಲು ಪಾಲು ಫೋನಿನವರೇ.

ಇದೆಲ್ಲಕ್ಕಿಂತ ಮೂಲ ಪ್ರಶ್ನೆ: ‘ಕೆಆರ್‌ಎಸ್‌ನಲ್ಲಿ’, ‘ಎಪಿಎಂಸಿಗೆ’ ಇಂಥ ಕಡೆ ಪ್ರತ್ಯಯ ಟ್ಯಾಗಿನ ಒಳಗಿರಬೇಕಾ, ಹೊರಗಿರಬೇಕಾ?

(ಕೋನಾವರಣ ಹಾಕಿದರೆ ಇಲ್ಲಿ ಪೋಸ್ಟೇ ಮಾಯವಾಗುತ್ತೆ. ಕೋಡನ್ನು ಮಾತಿನಲ್ಲೇ ಬರೆದಿದ್ದೀನಿ, ಉತ್ತರಿಸೋರೂ ಹಾಗೇ ಬರೆದರೆ ಒಳ್ಳೇದು.)


ದೇವರಾಜ_ಮೊಹಲ್ಲಾ:

ಮೂಲ ಪ್ರಶ್ನೆಗೆ ಮೊದಲು. ಪ್ರತ್ಯಯ ಹೊರಗೆ. ಎಚ್‌ಟಿಎಂಎಲ್ ಮಾನಕದ ಪ್ರಕಾರ ಎಬಿಬಿಆರ್‌ಗೆ ಟೈಟಲ್ ಕೊಟ್ಟರೆ ಅದರಲ್ಲಿ ಪೂರ್ಣ ರೂಪ ಇರಬೇಕು, ಅದರ ಹೊರತು ಇನ್ನೇನೂ ಇರಬಾರದು. ಏಕವಚನ ಬಹುವಚನವೂ ಒಳಗಿನ ಪಠ್ಯಕ್ಕೆ ಹೊಂದಬೇಕು. ‘ಎಪಿಎಂಸಿಗಳು’ ಅಂತ ಪೂರ್ತಿ ಒಳಗೆ ಹಾಕಿದರೆ ಟೈಟಲ್ ‘ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳು’ ಆಗಬೇಕು. ಬಹುವಚನಕ್ಕೇ ಹೀಗಾದರೆ ಎಲ್ಲ ವಿಭಕ್ತಿಗೂ ಒಂದೊಂದು ಟೈಟಲ್ ಬರೆಯುತ್ತಾ ಕೂತರೆ ಪಟ್ಟಿ ಮುಗಿಯಲ್ಲ. ‘ಎಪಿಎಂಸಿ’ ಅಂತ ಮುಚ್ಚಿ ‘ಗಳು’, ‘ಗೆ’, ‘ಯಲ್ಲಿ’ ಎಲ್ಲವನ್ನೂ ಹೊರಗೆ ಬಿಡಿ.

‘ಕೆಆರ್‌ಎಸ್‌ನಲ್ಲಿ’ ಅನ್ನೋದರಲ್ಲಿ ಇನ್ನೊಂದು ತೊಡಕಿದೆ. ಸ್ಕ್ರೀನ್ ರೀಡರ್‌ನಲ್ಲಿ (ಪರದೆಯ ಪಠ್ಯವನ್ನ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ) ಟೈಟಲನ್ನೇ ಬದಲಿಗೆ ಓದುವ ಸೆಟ್ಟಿಂಗ್ ಇಟ್ಟುಕೊಂಡವರಿಗೆ ಅದು ‘ಕೃಷ್ಣರಾಜಸಾಗರನಲ್ಲಿ’ ಅಂತ ಕೇಳಿಸುತ್ತೆ, ಆಗಬೇಕಾದ್ದು ‘ಸಾಗರದಲ್ಲಿ’. ಟ್ಯಾಗಿನಿಂದ ಇದಕ್ಕೆ ಪರಿಹಾರ ಇಲ್ಲ, ವಾಕ್ಯದಿಂದ ಇದೆ. ಸಂಕ್ಷಿಪ್ತ ರೂಪದ ಮುಂದೆ ಒಂದು ನಾಮಪದ ಇಟ್ಟು ಪ್ರತ್ಯಯವನ್ನ ಅದರ ತಲೆಗೆ ಕಟ್ಟಿ: ‘ಕೆಆರ್‌ಎಸ್ ಜಲಾಶಯದಲ್ಲಿ’, ‘ಎಫ್‌ಆರ್‌ಪಿ ದರಕ್ಕೆ’, ‘ಮುಡಾ ಕಚೇರಿಯಿಂದ’. ಸಂಕ್ಷಿಪ್ತ ರೂಪ ಮುಟ್ಟದೆ ಹಾಗೇ ಉಳಿಯುತ್ತೆ, ಕೇಳೋಕೂ ಸರಿಯಾಗಿರುತ್ತೆ, ನಿಮ್ಮ ಸ್ಕ್ರಿಪ್ಟಿನ ಅರ್ಧ ಕೆಲಸವೂ ಕಮ್ಮಿ.

ಇನ್ನು ಫೋನ್ ವಿಷಯ. ಟೈಟಲ್ ಆಟ್ರಿಬ್ಯೂಟ್ ಕಾಣೋದು ಮೌಸ್ ಇಟ್ಟಾಗ ಮಾತ್ರ. ಟಚ್ ಪರದೆಯಲ್ಲಿ ಇಲ್ಲ, ಕೀಬೋರ್ಡ್‌ನಲ್ಲೇ ಓಡಾಡುವವರಿಗೂ ಇಲ್ಲ. ಟ್ಯಾಬ್‌ಇಂಡೆಕ್ಸ್ ಸೊನ್ನೆ ಕೊಟ್ಟರೆ ಫೋಕಸ್ ಬರುತ್ತೆ, ಟೈಟಲ್ ಬರಲ್ಲ. ಟ್ಯಾಬ್ ಒತ್ತುವವನಿಗೆ ನಿಲ್ದಾಣ ಜಾಸ್ತಿ ಆಯ್ತು ಅಷ್ಟೇ. ಸ್ಕ್ರೀನ್ ರೀಡರ್‌ಗಳನ್ನೂ ನಂಬಿ ಕೂರಬೇಡಿ. ಜಾಸ್ ಅನ್ನೋ ಸ್ಕ್ರೀನ್ ರೀಡರ್‌ನಲ್ಲಿ ಸಂಕ್ಷಿಪ್ತ ರೂಪ ವಿಸ್ತರಿಸುವ ಆಯ್ಕೆ ಇದೆ, ಆದರೆ ಮೊದಲಿಂದ ಆಫ್ ಆಗಿರುತ್ತೆ.

ಆದ್ದರಿಂದ ಮೊದಲ ಸಲ ಬಂದಾಗ ಪೂರ್ಣ ರೂಪವನ್ನ ಪಠ್ಯದಲ್ಲೇ ಬರೆದು, ಸಂಕ್ಷಿಪ್ತ ರೂಪವನ್ನ ಆವರಣದಲ್ಲಿ ಕೊಡಿ: ‘ಕೃಷ್ಣರಾಜಸಾಗರ (ಕೆಆರ್‌ಎಸ್) ಜಲಾಶಯದಲ್ಲಿ’. ಪೂರ್ಣ ರೂಪ ಉದ್ದವಿದ್ದರೆ ಪತ್ರಿಕೆಯವರ ರೀತಿ ಪ್ರತ್ಯಯವನ್ನ ಅದಕ್ಕೇ ಹಚ್ಚಿ: ‘ನ್ಯಾಯಯುತ ಮತ್ತು ಲಾಭದಾಯಕ ಬೆಲೆಯನ್ನು (ಎಫ್‌ಆರ್‌ಪಿ)’. ಹೀಗೆ ಬರೆದ ಕಡೆ ಎಬಿಬಿಆರ್‌ಗೆ ಟೈಟಲ್ ಬೇಕಿಲ್ಲ. ಟೈಟಲ್ ಇಲ್ಲದ ಎಬಿಬಿಆರ್ ಮಾನಕಕ್ಕೆ ಒಪ್ಪಿತವೇ. ಇಟ್ಟರೆ ವಿಸ್ತರಿಸಿ ಓದುವ ಸೆಟ್ಟಿಂಗ್ ಇರುವವರಿಗೆ ಒಂದೇ ಮಾತು ಎರಡು ಸಲ ಕೇಳುತ್ತೆ.

ಡಬ್ಲ್ಯುಸಿಎಜಿಯಲ್ಲಿ (ವೆಬ್ ಪುಟ ಎಲ್ಲರಿಗೂ ಬಳಸಲು ಬರುವಂತಿರಲು ಇರುವ ಮಾರ್ಗಸೂಚಿ) ಸಂಕ್ಷಿಪ್ತ ರೂಪಗಳ ನಿಯಮ 3.1.4, ಅದು ಎಎಎ, ಅಂದರೆ ಅತಿ ಮೇಲಿನ ಮಟ್ಟದ್ದು. ಎಎ ಮಟ್ಟಕ್ಕೆ ಮಾಡುವ ಸೈಟಿಗೆ ಕಡ್ಡಾಯ ಅಲ್ಲ. ಆ ನಿಯಮಕ್ಕೆ ಕೊಟ್ಟಿರುವ ತಂತ್ರಗಳಲ್ಲಿ ಮೊದಲ ಬಳಕೆಯಲ್ಲಿ ವಿಸ್ತರಿಸೋದು ಜಿ97, ಎಬಿಬಿಆರ್ ಬಳಸೋದು ಎಚ್28. ಇಲ್ಲಿ ಜಿ97 ಸಾಕು.

ಅಂದಹಾಗೆ ‘ಆರ್‌ಟಿಸಿ’ಗೆ ಟೈಟಲ್ ‘ಪಹಣಿ’ ಅಂತ ಇಟ್ಟಿರೋದೂ ತಪ್ಪು. ಪಹಣಿ ಅದರ ಇನ್ನೊಂದು ಹೆಸರು, ಪೂರ್ಣ ರೂಪ ಅಲ್ಲ. ಪೂರ್ಣ ರೂಪ ‘ರೆಕಾರ್ಡ್ ಆಫ್ ರೈಟ್ಸ್, ಟೆನೆನ್ಸಿ ಅಂಡ್ ಕ್ರಾಪ್ಸ್’. ಕೆಆರ್‌ಎಸ್‌ಗೆ ‘ಕನ್ನಂಬಾಡಿ ಕಟ್ಟೆ’ ಅಂತ ಟೈಟಲ್ ಇಟ್ಟರೂ ಇದೇ ಕಥೆ. ನಿಮ್ಮ ಓದುಗರು ರೈತರು. ಆರ್‌ಟಿಸಿ ತೆಗೆದು ಸೀದಾ ‘ಪಹಣಿ’ ಅಂತಲೇ ಬರೆದರೆ ಟ್ಯಾಗಿನ ಗೊಡವೆಯೇ ಇಲ್ಲ.


ಹಲಂತ_200ಸಿ:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸಬೇಕು. ಪ್ರತ್ಯಯ ಹೊರಗೆ ಅಂದ ಕೂಡಲೇ ಕನ್ನಡದಲ್ಲಿ ಅಕ್ಷರ ಕೂಡಿಕೊಳ್ಳುವ ಸಮಸ್ಯೆ ಎದುರಾಗುತ್ತೆ.

‘ಕೆಆರ್‌ಎಸ್‌ನಲ್ಲಿ’ ಅಂತ ಬರೆಯುವಾಗ ‘ಸ್’ ಮತ್ತು ‘ನ’ ನಡುವೆ ಶೂನ್ಯ ಅಗಲದ ಬಿಡಿಸುವ ಅಕ್ಷರ ಇರಬೇಕು, ಯೂನಿಕೋಡ್‌ನಲ್ಲಿ 200ಸಿ. ಇಲ್ಲದಿದ್ದರೆ ‘ನ’ ಹೋಗಿ ‘ಸ’ ಕೆಳಗೆ ಒತ್ತಾಗಿ ಕೂರುತ್ತೆ. ಸಂಕ್ಷಿಪ್ತ ರೂಪ ‘ಆರ್’ನಲ್ಲಿ ಮುಗಿದರೆ ಇನ್ನೂ ಕೆಟ್ಟದಾಗುತ್ತೆ: ರಕಾರ ಅರ್ಕಾವತ್ತಾಗಿ ಮುಂದಿನ ಅಕ್ಷರದ ಬಲಕ್ಕೆ ಹಾರುತ್ತೆ, ಅಂದರೆ ಟ್ಯಾಗಿನ ಒಳಗಿರುವ ಅಕ್ಷರ ಟ್ಯಾಗಿನ ಹೊರಗೆ ಕಾಣುತ್ತೆ. ಮುಚ್ಚುವ ಟ್ಯಾಗ್ ನಡುವೆ ಬಂದಿದೆ, ಕೂಡಿಕೊಳ್ಳಲ್ಲ ಅಂದುಕೊಳ್ಳಬೇಡಿ. ಎರಡೂ ಕಡೆ ಒಂದೇ ಫಾಂಟ್, ಒಂದೇ ಶೈಲಿ ಇದ್ದರೆ ಬ್ರೌಸರ್ ಟ್ಯಾಗ್ ದಾಟಿಯೂ ಅಕ್ಷರ ಕೂಡಿಸಬಹುದು. ಎಬಿಬಿಆರ್‌ಗೆ ಬಲಗಡೆ ಪ್ಯಾಡಿಂಗ್ ಕೊಟ್ಟರೆ, ಬೇರೆ ಫಾಂಟ್ ಕೊಟ್ಟರೆ ಕೂಡಿಸಲ್ಲ. ಅಂದರೆ ಸಿಎಸ್‌ಎಸ್‌ನಲ್ಲಿ ಒಂದು ಸಾಲು ಬದಲಾದರೆ ಕಾಗುಣಿತದ ರೂಪವೇ ಬದಲಾಗುತ್ತೆ. 200ಸಿ ಇಟ್ಟುಬಿಟ್ಟರೆ ಈ ಅನಿಶ್ಚಿತತೆ ಇರಲ್ಲ.

ಅದನ್ನ ಒಳಗೆ ಇಡಬೇಕಾ ಹೊರಗಾ? ಒಳಗೆ, ಹಲಂತಕ್ಕೆ ಅಂಟಿಕೊಂಡಂತೆ, ಮುಚ್ಚುವ ಟ್ಯಾಗಿಗೆ ಮುಂಚೆ. ಯೂನಿಕೋಡ್ ಲೆಕ್ಕದಲ್ಲಿ ಅದು ಹಿಂದಿನ ಅಕ್ಷರಗುಚ್ಛಕ್ಕೇ ಸೇರಿದ್ದು. ಹೊರಗಿಟ್ಟರೆ ಗುಚ್ಛವನ್ನ ಟ್ಯಾಗ್‌ನಿಂದ ಸೀಳಿದಂತಾಗುತ್ತೆ. ಕಣ್ಣಿಗೆ ಕಾಣದ ಅಕ್ಷರ ಎಡಿಟರ್‌ನಲ್ಲಿ ಕಳೆದುಹೋಗುತ್ತೆ ಅನ್ನೋ ಭಯ ಇದ್ದರೆ ಎಚ್‌ಟಿಎಂಎಲ್ ಎಂಟಿಟಿ ಬರೆಯಿರಿ: ಆಂಪರ್ಸೆಂಡ್, ಝಡ್ ಡಬ್ಲ್ಯು ಎನ್ ಜೆ, ಸೆಮಿಕೋಲನ್.

‘ಕೆಆರ್‌ಎಸ್’ ಪದದ ಒಳಗೂ ಇದೇ ವಿಷಯ ನೋಡಿಕೊಳ್ಳಬೇಕು. ‘ಆರ್’ ಆದಮೇಲೆ ‘ಎ’ ಬರುತ್ತೆ, ಅದು ಸ್ವರ. 200ಸಿ ಇದ್ದರೂ ಇಲ್ಲದಿದ್ದರೂ ಪರದೆ ಮೇಲೆ ಒಂದೇ ರೀತಿ ಕಾಣುತ್ತೆ. ‘ಎಫ್‌ಆರ್‌ಪಿ’ಯಲ್ಲಿ ‘ಆರ್’ ಆದಮೇಲೆ ವ್ಯಂಜನ ಇರೋದರಿಂದ ಬೇಕೇ ಬೇಕು. ಹಾಗಾಗಿ ಒಬ್ಬರು ಟೈಪ್ ಮಾಡಿದ ಕೆಆರ್‌ಎಸ್‌ನಲ್ಲಿ ಅದು ಇರುತ್ತೆ, ಇನ್ನೊಬ್ಬರದರಲ್ಲಿ ಇರಲ್ಲ. ಕಣ್ಣಿಗೆ ಎರಡೂ ಒಂದೇ, ಸ್ಕ್ರಿಪ್ಟಿಗೆ ಬೇರೆ ಬೇರೆ ಪದ. ಹಳೇ ನುಡಿ ಫಾಂಟ್ ಕಡತಗಳಿಂದ ಪರಿವರ್ತಿಸಿದ ಪಠ್ಯ ಇದ್ದರೆ ಇದನ್ನ ಮೊದಲು ಪರೀಕ್ಷಿಸಿ. ‘ಟಿಎಂಸಿ’, ‘ಟಿಎಮ್‌ಸಿ’ ಅನ್ನೋ ಎರಡು ಕಾಗುಣಿತವನ್ನೂ ಪಟ್ಟಿಯಲ್ಲಿ ಒಂದಕ್ಕೆ ತನ್ನಿ.

ಚುಕ್ಕಿಗೆರೆ: ಅದು ಬ್ರೌಸರ್‌ನ ಸ್ವಂತ ಶೈಲಿ, ಅಥವಾ ನೀವು ಹಾಕಿರುವ ಬೂಟ್‌ಸ್ಟ್ರಾಪ್‌ನದ್ದು. ಇಂಗ್ಲಿಷ್ ಅಕ್ಷರದ ಬುಡಕ್ಕೆ ಲೆಕ್ಕ ಹಾಕಿದ ಗೆರೆ, ನಮ್ಮ ಒತ್ತಕ್ಷರ ಅದಕ್ಕಿಂತ ಕೆಳಗಿಳಿಯುತ್ತೆ. ಟೆಕ್ಸ್ಟ್ ಅಂಡರ್‌ಲೈನ್ ಆಫ್‌ಸೆಟ್ 0.35 ಇಎಂ, ದಪ್ಪ 1 ಪಿಕ್ಸೆಲ್, ಲೈನ್ ಹೈಟ್ 1.7ಕ್ಕಿಂತ ಕಮ್ಮಿ ಬೇಡ. ನಿಮ್ಮ ಫಾಂಟಿಗೆ ಇನ್ನೂ ಸಾಲದಿದ್ದರೆ ಅಂಡರ್‌ಲೈನ್ ತೆಗೆದು ಬಾರ್ಡರ್ ಬಾಟಮ್ ಚುಕ್ಕಿ ಕೊಡಿ, ಅದು ಇನ್ನೂ ಕೆಳಗೆ ಬರುತ್ತೆ. ಸ್ಕಿಪ್ ಇಂಕ್ ಆನ್ ಇಟ್ಟರೆ ಒತ್ತು ಬಂದ ಕಡೆ ಗೆರೆ ತುಂಡಾಗುತ್ತೆ. ಗೀಟುಗೆರೆಗೆ ಅದು ಚೆನ್ನ, ಚುಕ್ಕಿಗೆರೆಗೆ ಅಲ್ಲ. ಉಳಿದ ಒಂದೆರಡು ಚುಕ್ಕಿ ಅನುಸ್ವಾರ ಜಾರಿ ಬಿದ್ದಂತೆ ಕಾಣುತ್ತೆ.

ಇನ್ನೊಂದು, ‘ಡಾ||’, ‘ತಾ||’, ‘ಜಿ||’ ಅಂತ ಎರಡು ಉದ್ದಗೆರೆ ಹಾಕುವ ಹಳೇ ರೂಢಿ ಸಂಘದ ಪತ್ರಗಳಲ್ಲಿ ಇನ್ನೂ ಇದೆ. ಹಾಗೇ ಪುಟಕ್ಕೆ ಅಂಟಿಸಬೇಡಿ. ಚಿಹ್ನೆ ಓದುವ ಮಟ್ಟ ಹೆಚ್ಚಿಟ್ಟುಕೊಂಡ ಸ್ಕ್ರೀನ್ ರೀಡರ್ ಪ್ರತಿ ಗೆರೆಯನ್ನೂ ಹೆಸರು ಹಿಡಿದು ಹೇಳುತ್ತೆ. ವಿಳಾಸದಲ್ಲಿ ‘ತಾಲ್ಲೂಕು’, ‘ಜಿಲ್ಲೆ’ ಅಂತ ಪೂರ್ತಿ ಬರೆಯೋಕೆ ಜಾಗ ಇದ್ದೇ ಇರುತ್ತೆ.


ಎಡದಂಡೆ_ನಾಲೆ:

ಇಬ್ಬರಿಗೂ ಧನ್ಯವಾದ. ನಾಮಪದ ಇಟ್ಟು ಬರೆಯುವ ಉಪಾಯ ಇವತ್ತಿಂದಲೇ ಶುರು. ಆದರೆ ಹಳೇ ಸುತ್ತೋಲೆಗಳನ್ನ ತಿದ್ದೋಕಾಗಲ್ಲ, ಅವುಗಳಿಗೆ ಸ್ಕ್ರಿಪ್ಟೇ ಗತಿ. ಈಗ ಹುಡುಕುವ ಮಾದರಿ ಹೀಗಿದೆ: ಬ್ಯಾಕ್‌ಸ್ಲ್ಯಾಶ್ ಬಿ (ಪದದ ಗಡಿ ಅಂತ ಅರ್ಥ), ಪದ, ಬ್ಯಾಕ್‌ಸ್ಲ್ಯಾಶ್ ಬಿ. ಎಲ್ಲಿ ಎಡವುತ್ತಿದೆ?


ಸೆಮಿಕೋಲನ್_ಮರೀಬೇಡಿ:

ಎಡವುತ್ತಿರೋದೇ ಆ ಬ್ಯಾಕ್‌ಸ್ಲ್ಯಾಶ್ ಬಿ. ಕನ್ನಡಕ್ಕೆ ಅದನ್ನ ಮುಟ್ಟಲೇಬೇಡಿ ಗುರುಗಳೇ.

ಪೈಥಾನ್‌ನಲ್ಲಿ ಹುಡುಕುವ ಮಾದರಿ ನಡೆಸುವ ರೀ ಮಾಡ್ಯೂಲ್ ‘ಮ’, ‘ಡ’, ‘ಆ’ ಇಂಥ ಬಿಡಿ ಅಕ್ಷರಗಳನ್ನ ಪದದ ಅಕ್ಷರ ಅಂತ ಒಪ್ಪುತ್ತೆ. ಕೊಂಬು, ದೀರ್ಘ, ಗುಡಿಸು, ಹಲಂತ ಇವನ್ನ ಒಪ್ಪಲ್ಲ. ‘ಮುಡಾ’ ಮುಗಿಯೋದು ದೀರ್ಘದ ಚಿಹ್ನೆಯಲ್ಲಿ. ಅದರ ಮುಂದೆ ಖಾಲಿ ಜಾಗ ಇದ್ದರೆ ಎರಡೂ ‘ಪದದ್ದಲ್ಲ’, ಹಾಗಾಗಿ ನಡುವೆ ಗಡಿ ಇಲ್ಲ. ‘ಮುಡಾದ’ ಅಂದಾಗ ದೀರ್ಘದ ಮುಂದೆ ‘ದ’ ಬಂತು, ಅಲ್ಲಿ ಗಡಿ ಹುಟ್ಟಿತು, ಟ್ಯಾಗ್ ಬಿತ್ತು. ‘ಕೆಎಸ್‌ಆರ್‌ಟಿಸಿಯ’ದ್ದೂ ಇದೇ ಲೆಕ್ಕ: ‘ಆ’ ಹಿಂದೆ ಇರೋದು ಹಲಂತ ಇಲ್ಲವೇ 200ಸಿ, ಅಲ್ಲೊಂದು ಸುಳ್ಳು ಗಡಿ, ‘ಸಿ’ಯ ಗುಡಿಸು ಆದಮೇಲೆ ‘ಯ’, ಅಲ್ಲೊಂದು ಸುಳ್ಳು ಗಡಿ. ನಡುವಿನ ‘ಆರ್‌ಟಿಸಿ’ ಸಿಕ್ಕಿಹಾಕಿಕೊಳ್ತು. ಜಾವಾಸ್ಕ್ರಿಪ್ಟ್‌ಗೆ ಹೋದರೆ ಇಷ್ಟೂ ಇಲ್ಲ, ಅಲ್ಲಿ ಬ್ಯಾಕ್‌ಸ್ಲ್ಯಾಶ್ ಬಿ ಗುರುತಿಸೋದು ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ.

ಹೀಗೆ ಮಾಡಿ. ಎಡಗಡೆಗೆ ನೆಗೆಟಿವ್ ಲುಕ್‌ಬಿಹೈಂಡ್ ಇಟ್ಟು ಗಡಿಯನ್ನ ನೀವೇ ಹೇಳಿ: ಹಿಂದಿನ ಅಕ್ಷರ ಕನ್ನಡ ಬ್ಲಾಕಿನದ್ದು, ಅಂದರೆ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನದ್ದು ಆಗಿರಬಾರದು, 200ಸಿ ಮತ್ತು 200ಡಿ (ಕೂಡಿಸುವ ಅಕ್ಷರ) ಕೂಡ ಆಗಿರಬಾರದು. ಕೊನೆಯ ಎರಡನ್ನ ಬಿಟ್ಟರೆ ಕೆಎಸ್‌ಆರ್‌ಟಿಸಿ ಮತ್ತೆ ಪಹಣಿ ಆಗುತ್ತೆ, ನೆನಪಿರಲಿ. ಇದು ಪೈಥಾನ್‌ನ ಮಾಮೂಲಿ ರೀ ಮಾಡ್ಯೂಲ್‌ನಲ್ಲೇ ನಡೆಯುತ್ತೆ.

ಬಲಗಡೆ ಗಡಿ ಕೇಳೋಕಾಗಲ್ಲ, ಪ್ರತ್ಯಯ ಅಂಟಿಕೊಂಡೇ ಬರುತ್ತೆ. ಹಾಗಂತ ಬಿಟ್ಟುಬಿಟ್ಟರೆ ‘ಕೆಆರ್’ ಅನ್ನೋದು ‘ಕೆಆರ್‌ಎಸ್’ ಒಳಗೂ ಸಿಗುತ್ತೆ. ಪಟ್ಟಿಯನ್ನ ಉದ್ದದಿಂದ ಗಿಡ್ಡಕ್ಕೆ ಜೋಡಿಸಿ ಒಂದೇ ಮಾದರಿಯಾಗಿ ಕಟ್ಟಿ, ಉದ್ದದ್ದು ಮೊದಲು ಹಿಡಿಯುತ್ತೆ. ಆಮೇಲೆ ಬಲಕ್ಕೆ ಎರಡರಲ್ಲಿ ಒಂದು ಇರಬೇಕು ಅನ್ನಿ: ಕನ್ನಡದ್ದಲ್ಲದ ಅಕ್ಷರ ಅಥವಾ ಸಾಲಿನ ಕೊನೆ, ಇಲ್ಲವೇ ಗೊತ್ತಿರುವ ಪ್ರತ್ಯಯ. ನ, ನಲ್ಲಿ, ನಿಂದ, ಗೆ, ಗಳು, ಗಳ, ಯ, ಯಲ್ಲಿ, ಯಿಂದ, ಯನ್ನು, ದ, ದಲ್ಲಿ, ದಿಂದ, ಅನ್ನು, ಇಷ್ಟಿದ್ದರೆ ಸುತ್ತೋಲೆಯ ಭಾಷೆಗೆ ಹೆಚ್ಚುಕಮ್ಮಿ ಸಾಕು. ಪಟ್ಟಿಯ ಪದದಲ್ಲಿ ಪ್ರತಿ ಹಲಂತದ ನಂತರ 200ಸಿ ‘ಇದ್ದರೂ ಸರಿ, ಇಲ್ಲದಿದ್ದರೂ ಸರಿ’ ಅಂತ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಹುಡುಕುವ ಮೊದಲು ಪಠ್ಯ, ಪಟ್ಟಿ ಎರಡನ್ನೂ ಎನ್‌ಎಫ್‌ಸಿ ಅನ್ನೋ ಒಂದೇ ಯೂನಿಕೋಡ್ ರೂಪಕ್ಕೆ ತನ್ನಿ. ‘ಕೋ’, ‘ಕೇ’ ಇಂಥವನ್ನ ಎರಡು ಮೂರು ರೀತಿಯಲ್ಲಿ ಎನ್‌ಕೋಡ್ ಮಾಡಬಹುದು.

ಎಚ್‌ಟಿಎಂಎಲ್ ಕಡತವನ್ನ ಒಂದು ಉದ್ದ ಸ್ಟ್ರಿಂಗ್ ಅಂತ ತೆಗೆದುಕೊಂಡು ಬದಲಾಯಿಸಬೇಡಿ. ಚಿತ್ರದ ಆಲ್ಟ್ ಪಠ್ಯದಲ್ಲಿ ‘ಕೆಆರ್‌ಎಸ್’ ಇದ್ದರೆ ಆಟ್ರಿಬ್ಯೂಟ್ ಒಳಗೇ ಟ್ಯಾಗ್ ಹೋಗಿ ಕೂರುತ್ತೆ, ಉದ್ಧರಣ ಚಿಹ್ನೆ ಒಡೆದು ಅರ್ಧ ಪುಟ ಹಾಳು. ಎಚ್‌ಟಿಎಂಎಲ್ ಬಿಡಿಸಿ ಕೊಡುವ ಬ್ಯೂಟಿಫುಲ್ ಸೂಪ್ ತರದ್ದರಲ್ಲಿ ಬರೀ ಪಠ್ಯದ ನೋಡ್‌ಗಳನ್ನ ನೋಡಿ. ಶೀರ್ಷಿಕೆ, ಲಿಂಕ್, ಕೋಡ್, ಈಗಾಗಲೇ ಇರುವ ಎಬಿಬಿಆರ್ ಇವುಗಳ ಒಳಗಿದ್ದರೆ ಬಿಟ್ಟು ಮುಂದೆ ಹೋಗಿ. ಒಂದು ಲೇಖನಕ್ಕೆ ಒಂದು ಪದ ಒಂದೇ ಸಲ. ಎಲ್ಲ ಕಡೆ ಸುತ್ತಿದರೆ ಪುಟ ಪೂರ್ತಿ ಚುಕ್ಕಿ ಬರುತ್ತೆ, ಓದೋನು ಅದನ್ನ ನೋಡೋದೇ ಬಿಡ್ತಾನೆ.

ಆಮೇಲೆ ‘ಮುಡಾ’ಗೆ ಪಟ್ಟಿಯಲ್ಲಿ ಒಂದೇ ಅರ್ಥ ಇಟ್ಟಿದ್ದೀರಾ? ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರವೂ (ಈಗ ಮೈಸೂರು ಅಭಿವೃದ್ಧಿ ಪ್ರಾಧಿಕಾರ) ಮುಡಾ ಆಗಿತ್ತು, ಮಂಡ್ಯ ನಗರಾಭಿವೃದ್ಧಿ ಪ್ರಾಧಿಕಾರವೂ ಮುಡಾ. ಯಾವುದು ಅಂತ ಸ್ಕ್ರಿಪ್ಟಿಗೆ ಗೊತ್ತಾಗಲ್ಲ. ಇಂಥ ಪದಕ್ಕೆ ಪಟ್ಟಿಯಲ್ಲಿ ಡೀಫಾಲ್ಟ್ ಅರ್ಥವೇ ಬೇಡ. ಸುತ್ತೋಲೆಯ ತಲೆಯಲ್ಲಿ ಯಾರಾದರೂ ಅರ್ಥ ಬರೆದಿದ್ದರೆ ಮಾತ್ರ ಟ್ಯಾಗ್, ಇಲ್ಲದಿದ್ದರೆ ಎಚ್ಚರಿಕೆ ತೋರಿಸಿ ನಿಲ್ಲಲಿ. ತಪ್ಪು ಊರಿನ ಪ್ರಾಧಿಕಾರ ತೋರಿಸೋದಕ್ಕಿಂತ ಏನೂ ತೋರಿಸದಿರೋದು ವಾಸಿ.

ಊರಿನ ಹೆಸರುಗಳನ್ನ ಪಟ್ಟಿಯಿಂದಲೇ ತೆಗೆಯಿರಿ. ಕೆ.ಆರ್. ಪೇಟೆ, ಕೆ.ಆರ್. ನಗರ, ಕೆ.ಎಂ. ದೊಡ್ಡಿ ಅಂದರೆ ಜನಕ್ಕೆ ಹಾಗೇ ಗೊತ್ತು. ಕಾಳಮುದ್ದನದೊಡ್ಡಿ ಅಂತ ಟೈಟಲ್ ಇಟ್ಟು ಯಾರಿಗೆ ಏನು ತಿಳಿಸಬೇಕು?


ದೇವರಾಜ_ಮೊಹಲ್ಲಾ:

ಊರಿನ ಹೆಸರಿನ ಮಾತು ಒಪ್ಪಿದೆ. ಆದರೆ ‘ವಿ.ಸಿ. ನಾಲೆ’ ನೋಡಿಕೊಳ್ಳಿ. ವಿ.ಸಿ.ಯ ‘ಸಿ’ಯಲ್ಲೇ ಕೆನಾಲ್ ಇದೆ. ‘ವಿ.ಸಿ.’ಗೆ ಮಾತ್ರ ಟ್ಯಾಗ್ ಸುತ್ತಿದರೆ ವಿಸ್ತರಿಸಿದಾಗ ‘ವಿಶ್ವೇಶ್ವರಯ್ಯ ಕೆನಾಲ್ ನಾಲೆ’. ‘ವಿ.ಸಿ. ನಾಲೆ’ ಪೂರ್ತಿ ಒಳಗಿಟ್ಟು ಟೈಟಲ್ ‘ವಿಶ್ವೇಶ್ವರಯ್ಯ ನಾಲೆ’ ಅನ್ನಿ. ‘ಟಿಎಂಸಿ ಅಡಿ’ಯದ್ದು ಉಲ್ಟಾ: ‘ಸಿ’ ಅಂದರೆ ಘನ, ಅಡಿ ಹೊರಗಿದೆ. ಎರಡನ್ನೂ ಸೇರಿಸಿ ಒಳಗಿಟ್ಟು ‘ಸಾವಿರ ಮಿಲಿಯನ್ ಘನ ಅಡಿ’. ಟೈಟಲ್‌ನಲ್ಲಿ ‘ಅಂದರೆ 100 ಕೋಟಿ ಘನ ಅಡಿ, 11,574 ಕ್ಯೂಸೆಕ್ ನೀರು ಒಂದು ದಿನ ಹರಿದಷ್ಟು’ ಅಂತೆಲ್ಲ ವಿವರಣೆ ತುಂಬಬೇಡಿ. ಅದು ಉಪಯೋಗದ ಮಾತೇ, ಆದರೆ ಅದರ ಜಾಗ ಪಠ್ಯ ಅಥವಾ ಪದಪಟ್ಟಿಯ ಪುಟ. ಅಲ್ಲಿ ಡಿಎಫ್‌ಎನ್ ಟ್ಯಾಗ್ (ವಿವರಿಸುತ್ತಿರುವ ಪದಕ್ಕೆ ಹಾಕುವ ಗುರುತು) ಹಾಕಿ, ಒಳಗೆ ಬೇರೆ ಪಠ್ಯ ಇಲ್ಲದಂತೆ ಎಬಿಬಿಆರ್ ಒಂದನ್ನೇ ಇಡಿ. ಆಗ ಎಬಿಬಿಆರ್‌ನ ಟೈಟಲ್ಲೇ ವಿವರಿಸುತ್ತಿರುವ ಪದ ಅಂತ ಮಾನಕ ಹೇಳುತ್ತೆ. ಡಿಎಫ್‌ಎನ್‌ಗೆ ಐಡಿ ಕೊಟ್ಟು ಸುತ್ತೋಲೆಯಿಂದ ಲಿಂಕ್ ಕೊಡಿ. ಫೋನಿನವರಿಗೂ ಅದು ಬೆರಳಿಗೆ ಸಿಗುತ್ತೆ.

ಚುಕ್ಕಿ ಹಾಕಿ ಬರೆಯುವ ರೂಪಗಳಲ್ಲಿ ನಡುವೆ ಖಾಲಿ ಜಾಗ ಬಿಟ್ಟಿದ್ದರೆ ಸಾಲಿನ ಕೊನೆಯಲ್ಲಿ ‘ವಿ.ಸಿ.’ ಒಂದು ಕಡೆ, ‘ನಾಲೆ’ ಇನ್ನೊಂದು ಕಡೆ ಆಗುತ್ತೆ. ಎಬಿಬಿಆರ್‌ಗೆ ವೈಟ್ ಸ್ಪೇಸ್ ನೋರ್ಯಾಪ್ ಕೊಟ್ಟರೆ ಆಯ್ತು.


ಹಲಂತ_200ಸಿ:

ಇಂಗ್ಲಿಷ್ ಅಕ್ಷರದಲ್ಲೇ ಸಂಕ್ಷಿಪ್ತ ರೂಪ ಇಡುವವರು ಒಂದು ತಪ್ಪು ಮಾಡ್ತಾರೆ: ಎಬಿಬಿಆರ್‌ಗೇ ಲ್ಯಾಂಗ್ ಇಎನ್ (ಭಾಷೆ ಇಂಗ್ಲಿಷ್) ಅಂತ ಕೊಡ್ತಾರೆ, ಟೈಟಲ್ ಕನ್ನಡದಲ್ಲಿ ಬರೀತಾರೆ. ಲ್ಯಾಂಗ್ ಅನ್ವಯಿಸೋದು ಒಳಗಿನ ಪಠ್ಯಕ್ಕಷ್ಟೇ ಅಲ್ಲ, ಅದೇ ಟ್ಯಾಗಿನ ಟೈಟಲ್‌ಗೂ. ಕನ್ನಡ ಟೈಟಲನ್ನ ಇಂಗ್ಲಿಷ್ ಅಂತ ಘೋಷಿಸಿದಂತಾಯ್ತು. ಎಬಿಬಿಆರ್ ಕನ್ನಡದ್ದಾಗೇ ಇರಲಿ, ಒಳಗೊಂದು ಸ್ಪ್ಯಾನ್ ಹಾಕಿ ಅದಕ್ಕೆ ಲ್ಯಾಂಗ್ ಇಎನ್ ಕೊಡಿ.

ನೋಟಿಸ್ ಬೋರ್ಡಿಗೆ ಪುಟ ಪ್ರಿಂಟ್ ಹಾಕ್ತೀರಾದರೆ ಪ್ರಿಂಟ್ ಮೀಡಿಯಾ ಒಳಗೆ, ಟೈಟಲ್ ಇರುವ ಎಬಿಬಿಆರ್‌ನ ಆಫ್ಟರ್ ಭಾಗಕ್ಕೆ ಆವರಣದಲ್ಲಿ ಟೈಟಲ್ ಬರುವಂತೆ ಕಂಟೆಂಟ್ ಕೊಡಬಹುದು. ಆದರೆ ‘ಎಪಿಎಂಸಿಗೆ’ ಅನ್ನೋದು ‘ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ)ಗೆ’ ಆಗುತ್ತೆ. ಹಳೇ ಸುತ್ತೋಲೆಗೆ ನಡೆಯುತ್ತೆ ಅನ್ನಿ. ಇದನ್ನೇ ಫೋನಿನ ಪರದೆಗೂ ಬಳಸುವ ಆಸೆ ಬೇಡ. ಹೀಗೆ ಸಿಎಸ್‌ಎಸ್ ಹುಟ್ಟಿಸಿದ ಪಠ್ಯ ಪುಟದ ಹುಡುಕಾಟಕ್ಕೆ ಸಿಗಲ್ಲ, ನಕಲು ಮಾಡೋಕೂ ಬರಲ್ಲ.


ಎಡದಂಡೆ_ನಾಲೆ:

ಎಡಗಡೆ ಗಡಿ ಬದಲಾಯಿಸಿದೆ, ಕೆಎಸ್‌ಆರ್‌ಟಿಸಿ ಸರಿಹೋಯ್ತು. ಕೊನೇದೊಂದು: ನೀರಿನ ಮಟ್ಟದ ಕೋಷ್ಟಕದಲ್ಲಿ ಶೀರ್ಷಿಕೆಗೆ ಜಾಗ ಸಾಲಲ್ಲ. ಅಲ್ಲೂ ಎಬಿಬಿಆರ್ ಟ್ಯಾಗೇನಾ? ಟಿಎಚ್‌ಗೆ (ಶೀರ್ಷಿಕೆಯ ಕೋಶ) ಎಬಿಬಿಆರ್ ಅನ್ನೋ ಆಟ್ರಿಬ್ಯೂಟ್ ಬೇರೆ ಇದೆಯಂತಲ್ಲ.


ಸೆಮಿಕೋಲನ್_ಮರೀಬೇಡಿ:

ಹೆಸರು ಒಂದೇ, ಕೆಲಸ ತದ್ವಿರುದ್ಧ. ಟ್ಯಾಗಿನಲ್ಲಿ ಗಿಡ್ಡ ರೂಪ ಕಾಣುತ್ತೆ, ಉದ್ದದ್ದು ಟೈಟಲ್‌ನಲ್ಲಿ. ಟಿಎಚ್‌ನ ಆಟ್ರಿಬ್ಯೂಟ್‌ನಲ್ಲಿ ಉದ್ದ ರೂಪ ಕೋಶದಲ್ಲಿ ಕಾಣುತ್ತೆ, ಗಿಡ್ಡದ್ದನ್ನ ಆಟ್ರಿಬ್ಯೂಟ್‌ನಲ್ಲಿ ಕೊಡ್ತೀರಿ. ಪ್ರತಿ ಸಾಲಿನಲ್ಲೂ ಶೀರ್ಷಿಕೆ ಮತ್ತೆ ಹೇಳಬೇಕಾದಾಗ, ಬೆಂಬಲ ಇರುವ ಸ್ಕ್ರೀನ್ ರೀಡರ್ ‘ಒಳಹರಿವು, ಪ್ರತಿ ಸೆಕೆಂಡಿಗೆ ಘನ ಅಡಿಗಳಲ್ಲಿ’ ಅನ್ನೋ ಬದಲು ಬರೀ ‘ಒಳಹರಿವು’ ಅನ್ನಲಿ ಅಂತ ಅದು ಇರೋದು. ಟಿಡಿಗೆ (ಮಾಮೂಲಿ ಕೋಶ) ಹಾಕಬೇಡಿ, ಅಲ್ಲಿ ಅದು ಈಗ ಬಳಕೆಯಿಂದ ಹೊರಗೆ. ಹಾಗೇ ಹಳೇ ಟೆಂಪ್ಲೇಟಿನಲ್ಲಿ ಆಕ್ರೊನಿಮ್ ಟ್ಯಾಗ್ ಕಂಡರೆ ಎಬಿಬಿಆರ್‌ಗೆ ಬದಲಾಯಿಸಿಬಿಡಿ. ಇಂಟರ್ನೆಟ್ ಎಕ್ಸ್‌ಪ್ಲೋರರ್ 6ಕ್ಕೆ ಎಬಿಬಿಆರ್ ಗೊತ್ತಿರಲಿಲ್ಲ ಅಂತ ಆಗ ಅದನ್ನ ಹಾಕ್ತಿದ್ರು, ಎಚ್‌ಟಿಎಂಎಲ್5ರಲ್ಲಿ ಕೈಬಿಟ್ಟಿದ್ದಾರೆ.

ನಿಮ್ಮ ಸಮಸ್ಯೆ ಜಾಗದ್ದು, ಅದಕ್ಕೆ ಎರಡೂ ಬೇಡ. ಘಟಕಗಳನ್ನ ಕೋಷ್ಟಕದ ಕ್ಯಾಪ್ಷನ್‌ಗೆ ಎತ್ತಿಬಿಡಿ: ‘ಕೆಆರ್‌ಎಸ್ ಜಲಾಶಯ. ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49.452 ಟಿಎಂಸಿ ಅಡಿ. ಮಟ್ಟ ಅಡಿಗಳಲ್ಲಿ, ಹರಿವು ಕ್ಯೂಸೆಕ್‌ನಲ್ಲಿ, ಸಂಗ್ರಹ ಟಿಎಂಸಿ ಅಡಿಯಲ್ಲಿ.’ ಆಮೇಲೆ ಕಾಲಂಗಳಿಗೆ ‘ಮಟ್ಟ’, ‘ಒಳಹರಿವು’, ‘ಹೊರಹರಿವು’, ‘ಸಂಗ್ರಹ’ ಅಂತಷ್ಟೇ ಇಟ್ಟು ಸ್ಕೋಪ್ ಕಾಲ್ ಕೊಡಿ. 360 ಪಿಕ್ಸೆಲ್ ಅಗಲದ ಫೋನಿನಲ್ಲೂ ದಿನಾಂಕದ ಜೊತೆ ಐದು ಕಾಲಂ ಹಿಡಿಸುತ್ತೆ, ಅಕ್ಷರ 14 ಪಿಕ್ಸೆಲ್‌ಗೆ ಇಳಿಸಬೇಕಾಗಬಹುದು.